ಇಲ್ಲ ಎನ್ನಲಾರದವನ ಲಾರಿ

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಕಾರು ಓಡಿಸುವಾಗ ನನಗೆ ಸೀನು ಬಂತು. ಮುಂದೆ ಮೆಣಸಿನಕಾಯಿ ಲಾರಿ. ಬ್ಯಾಡಗಿಯಲ್ಲಿ ಹುಟ್ಟಿದವಳು ಆ ಘಾಟಿಗೆ ಸೀನುವುದೆಂದರೆ ಮರ್ಯಾದೆ ಹೋದ ಹಾಗೆಯೇ. ಹಾವೇರಿಯ ನೌಕರಿ ನನ್ನ ಮೂಗನ್ನೂ ಕೆಡಿಸಿದೆ ನೋಡಿ. ಆ ಲಾರಿಯ ಹೇರು ಅಚ್ಚುಕಟ್ಟಾಗಿತ್ತು, ಹಲಗೆ ಮೀರಿ ಎಲ್ಲಿಯೂ ಉಬ್ಬಿರಲಿಲ್ಲ. ನಮ್ಮ ಕಾಕಾನ ಲಾರಿ ಹೀಗಿರುತ್ತಿರಲಿಲ್ಲ.

ಕಾಕಾ ಎಂದರೆ ಅಪ್ಪನ ತಮ್ಮ, ರಾಣೆಬೆನ್ನೂರಿನವನು. ಇದ್ದ ಒಂದೇ ಲಾರಿಯಲ್ಲಿ ಬ್ಯಾಡಗಿಯಿಂದ ಹುಬ್ಬಳ್ಳಿಗೆ ಮೆಣಸಿನಕಾಯಿ ಸಾಗಿಸುತ್ತಿದ್ದ. ಮೆಣಸಿನಕಾಯಿ ನೋಡಲು ಗುಡ್ಡ, ತೂಕದಲ್ಲಿ ಹಗುರ. ಹಗುರ ಹೇರಿದ್ದರೆ ಲಾರಿಯಲ್ಲಿ ಜಾಗ ಇದ್ದೇ ಇದೆ ಎಂದು ಮಂದಿಯ ಲೆಕ್ಕ! ಒಬ್ಬರು ಗೋವಿನಜೋಳದ ಚೀಲ ಹೊತ್ತು ತರುವರು, ಇನ್ನೊಬ್ಬರು ಮಗಳ ಮನೆಗೆಂದು ಕಬ್ಬಿಣದ ಕಪಾಟು. ಕಾಕಾ ಮುಲಾಜಿಗೆ ಬೀಳುವ ಮನುಷ್ಯ, ಇಲ್ಲ ಎನ್ನಲು ಬಾಯಿಯೇ ಬಾರದು. ಆಗೀಗ ಸಿಕ್ಕಿಬಿದ್ದು ದಂಡ ಕಟ್ಟುತ್ತಿದ್ದ, ಮನೆಯಲ್ಲಿ ಕಾಕಿಯ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ.

ಹೀಗಿರುವಾಗ ಹೆಚ್ಚಿನ ಹೇರಿನ ದಂಡ ಒಮ್ಮೆಲೇ ಏರಿತು. ಒಂದು ಸಲ ಸಿಕ್ಕರೂ ತಿಂಗಳ ದುಡಿಮೆ ಕೈಬಿಟ್ಟಂತೆ. ಲಾರಿ ಮಾರುವ ಮಾತು ಬಂತು, ಕಾಕಿ ಅತ್ತಳು. ಲಾರಿ ಮಾಲೀಕರೆಲ್ಲ ಸೇರಿ ಧಾರವಾಡದ ಹೈಕೋರ್ಟಿಗೆ ಹೋದರು. ಹೇರಿಸಿದವರನ್ನು ಬಿಟ್ಟು ಲಾರಿಯವರಿಗಷ್ಟೇ ಇಂಥ ದಂಡ ಹಾಕುವುದು ಯಾವ ನ್ಯಾಯ ಎಂಬುದು ಅವರ ವಾದ. ಕಾಕಾನೂ ಒಬ್ಬ ಅರ್ಜಿದಾರ.

ವಿಚಾರಣೆಯ ದಿನ ಹೇಗೂ ಹುಬ್ಬಳ್ಳಿಗೆ ಬಾಡಿಗೆ ಸಿಕ್ಕಿತ್ತು, ಕಾಕಾ ಲಾರಿಯಲ್ಲೇ ಹೊರಟ. ನಮ್ಮ ಮಂದಿ ಬಿಟ್ಟಾರೆಯೇ? ಗೆದ್ದು ಬಾ ಎಂದು ಹರಸಿ, ಹರಸಿದ ಕೈಯಿಂದಲೇ ಚೀಲ ಎತ್ತಿ ಹಾಕಿದರು. ಹಾವೇರಿಯ ಬಳಿ ಆರ್‌ಟಿಒದವರು ಲಾರಿಯನ್ನು ತಡೆದು ತೂಕ ಮಾಡಿಸಿದರು. ದಂಡದ ವಿರುದ್ಧ ಹೊರಟ ಅರ್ಜಿದಾರ ಅದೇ ದಂಡದ ರಸೀದಿ ಹಿಡಿದು ವಕೀಲರ ಮುಂದೆ ನಿಂತ. ಅವರು ಹಣೆ ಹಣೆ ಬಡಿದುಕೊಂಡರಂತೆ.

ಮುಂದೆ ಅರ್ಜಿ ವಜಾ ಆಯಿತು. ನಾವೆಲ್ಲ ಮುಖ ಇಳಿಬಿಟ್ಟು ಕೂತಿದ್ದರೆ ಕಾಕಾ ಅಂದು ಒಂದು ರೊಟ್ಟಿ ಹೆಚ್ಚೇ ತಿಂದ.

"ಚಲೋನ ಆತು ಬಿಡ್ರಿ," ಎಂದ. "ನನಗಂತೂ ಇಲ್ಲ ಅನ್ನಾಕ ಬರಂಗಿಲ್ಲ. ಇನ್ನ ಕೋರ್ಟು ಬ್ಯಾಡ ಅಂದೈತಿ ಅಂತೀನಿ."

ಹಾಗೆಯೇ ಮಾಡಿದ. ಯಾರೇ ಬರಲಿ, ಕೋರ್ಟನ್ನು ಮುಂದೆ ಮಾಡಿ ತಾನು ಹಿಂದೆ ನಿಂತ. ಲಾರಿ ಉಳಿಯಿತು. ಕಾಯ್ದೆ ಸರಿಯೇ ಇತ್ತು, ನನಗೆ ಅನುಮಾನವಿಲ್ಲ. ಆ ಹೇರಿಗೆ ಒಂದು ದಿನ ಬ್ರೇಕು ಹತ್ತದೇ ಹೋಗಿದ್ದರೆ ಗತಿ ಏನು, ನೀವೇ ಹೇಳಿ. ಆದರೂ ಲಾರಿ ನಿಂತಲ್ಲೆಲ್ಲ ಮುತ್ತಿಕೊಳ್ಳುತ್ತಿದ್ದ ಆ ಮಂದಿ, ಆ ಗದ್ದಲ, ಕಾಕಾನ ಹೆಸರು ಹಿಡಿದು ಕೂಗುವ ಆ ಸಲಿಗೆ ನನಗೆ ಈಗಲೂ ನೆನಪಾಗುತ್ತದೆ. ಮೊನ್ನೆ ರಾಣೆಬೆನ್ನೂರಿಗೆ ಹೋದಾಗ ಚಹಾ ಕುಡಿಯುತ್ತ ಅವನೇ ಹೇಳಿದ.

"ಲಾರಿ ಉಳೀತು ತಂಗಿ. ಕೇಳಾಕ ಬರೂ ಮಂದಿ ಉಳೀಲಿಲ್ಲ."

ಇವತ್ತು ಆ ಮೆಣಸಿನಕಾಯಿ ಲಾರಿ ಮುಂದೆ ಹೋದ ಮೇಲೆ ಕಾರು ಬದಿಗೆ ನಿಲ್ಲಿಸಿ ಕಾಕಾನಿಗೆ ಫೋನು ಹಚ್ಚಿದೆ. ಬ್ಯಾಡಗಿಯ ಮನೆಯ ಹಿತ್ತಲಲ್ಲಿ ಅಜ್ಜಿಯ ಒರಳುಕಲ್ಲು ಬಿದ್ದಿದೆ. ಹಾವೇರಿಯ ನನ್ನ ಬಾಡಿಗೆ ಮನೆಯಲ್ಲಿ ಅದನ್ನು ಇಡಲು ಜಾಗವೂ ಇಲ್ಲ. ಆದರೂ ಅದನ್ನು ಹಾವೇರಿಗೆ ತಂದುಕೊಡುತ್ತೀಯಾ ಎಂದು ಕೇಳಿದೆ.

ಎಷ್ಟು ಭಾರ ಎಂದು ಕಾಕಾ ಕೇಳಲಿಲ್ಲ.

"ಯಾವಾಗ ತರ್ಲಿ?" ಎಂದ.