ಒಂದ್ನಿಮಿಷದ ಮಾವ

ನಮ್ಮ ಸೋದರಮಾವನಿಗೆ ಮನೆಮಂದಿ ಇಟ್ಟಿರುವ ಹೆಸರು ‘ಒಂದ್ನಿಮಿಷ’. ಅವರ ಕ್ಯಾಮೆರಾ ಹೊಚ್ಚಹೊಸದು. ಅದರ ಮೂತಿಗೆ ತಿರುಗಿಸಿ ಕೂರಿಸಿರುವ ಲೆನ್ಸ್ ಮಾತ್ರ ಅವರಿಗಿಂತ ಹಿರಿಯದು. ಅದನ್ನು ಒರೆಸಿ ಒರೆಸಿ, ಅತ್ತೆಯ ಉಣ್ಣೆ ಕಾಲುಚೀಲದೊಳಗೆ ಮಲಗಿಸುತ್ತಾರೆ. ತಾನಾಗಿ ಫೋಕಸ್ ಮಾಡುವ ಲೆನ್ಸ್ ಕೊಳ್ಳಿ ಎಂದರೆ, “ಎಲ್ಲಾ ಅದೇ ನೋಡ್ಕೊಂಡ್ರೆ ನನಗೇನು ಕೆಲ್ಸ?” ಎಂದು ರೇಗುತ್ತಾರೆ. ಗ್ರೂಪ್ ಫೋಟೋಗೆ ನಿಂತೆವೋ, ಕೆಟ್ಟೆವು. “ಒಂದ್ನಿಮಿಷ” ಎಂದು ಅವರು ಫೋಕಸ್‌ಗಾಗಿ ಲೆನ್ಸಿನ ಉಂಗುರ ತಿರುಗಿಸಿ ಮುಗಿಸುವಷ್ಟರಲ್ಲಿ ನಮ್ಮ ನಗು ಒಣಗಿ, ಮಕ್ಕಳು ಚದುರಿ, ಅತ್ತೆ ಒಳಗೆ ಹೋಗಿ ಹಾಲು ಕಾಯಿಸಿ ಬಂದಿರುತ್ತಾರೆ. ಮೊನ್ನೆಯೂ ಹೀಗೇ ನಿಂತು ನಿಂತು ಸಾಕಾಗಿ, ನಾನು ಸಾಲು ಬಿಟ್ಟು ಅವರ ಬೆನ್ನ ಹಿಂದಿನಿಂದ ಇಣುಕಿದೆ. ಪರದೆಯ ಮೇಲೆ ಎಲ್ಲರ ಮುಖವೂ ಹುಬ್ಬಿನ ಕೂದಲು ಎಣಿಸುವಷ್ಟು ಸ್ಪಷ್ಟವಾಗಿತ್ತು. ಮಾವನ ಬೆರಳು ಉಂಗುರದ ಮೇಲೆ ಅಲುಗದೆ ಕೂತಿತ್ತು. ಎದುರಿನ ಸಾಲಿನಲ್ಲಿ ಅವರ ಇಬ್ಬರು ತಂಗಿಯರು, ಅಂದರೆ ಒಂದು ವರ್ಷದಿಂದ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದ ನನ್ನ ಅಮ್ಮ ಮತ್ತು ಚಿಕ್ಕಮ್ಮ, ಕಾದು ಕಾದು ಬೇಸತ್ತಿದ್ದರು. “ಅಣ್ಣ ಮೊದ್ಲಿಂದ್ಲೂ ಹೀಗೇ ಅಲ್ವೇನೇ?” ಎಂದಳು ಅಮ್ಮ, ತಡೆಯಲಾರದೆ. “ಹೂಂ ಕಣಕ್ಕ, ಇವನ ಕೈಗೆ ಸಿಕ್ಕಿದ್ರೆ ಮುಗೀತು,” ಎಂದಳು ಚಿಕ್ಕಮ್ಮ. ಮಾವ ಕ್ಯಾಮೆರಾದಿಂದ ತಲೆ ಎತ್ತದೆ ಕೂಗಿದರು: “ಇನ್ನೊಂದ್ನಿಮಿಷ!”