ಮಹಾರಾಯನನ್ನು ಕರೆದ ಗಂಟಲು

ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ತಗಡಕ್ಕ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ, ಎದುರಿಗೇ ಕರೆಯುವ ಹೆಸರು. ಪ್ರೀತಿಯಿಂದ ಇಟ್ಟದ್ದು ಎಂದು ಇಟ್ಟವರೇ ಹೇಳಿದ್ದರಿಂದ ಅವಳೂ ನಂಬಿಕೊಂಡಿದ್ದಳು. ತಗಡಿನ ಮೇಲೆ ಜಲ್ಲಿ ಸುರಿದಂಥ ದನಿ ಅವಳದು. ಹುಟ್ಟಿದಾಗಿನಿಂದ ಹಾಗೇ. ಅಳು ಕೇಳಿದ ನರ್ಸಮ್ಮ ಗಂಡು ಮಗು ಎಂದು ಹೊರಗೆ ಸುದ್ದಿ ಕೊಟ್ಟು, ಹತ್ತು ನಿಮಿಷದ ಮೇಲೆ ಬಂದು ತಿದ್ದಿ ಹೋಗಿದ್ದಳಂತೆ. ಶಾಲೆಯಲ್ಲಿ ಬೆಳಗಿನ ಹಾಡಿಗೆ ಸಾಲಾಗಿ ನಿಂತಾಗ ಸಂಗೀತದ ಟೀಚರ್ ಹತ್ತಿರ ಬಂದು, ನೀನು ತುಟಿ ಮಾತ್ರ ಆಡಿಸು ಸಾಕು ಎಂದು ಕಿವಿಯಲ್ಲಿ ಹೇಳಿದ್ದರು. ಆ ಉಪದೇಶವನ್ನು ಹತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದವಳು ದೊಡ್ಡವಳಾಗಿ ಹಿಡಿದದ್ದು ಬೇರೆಯವರ ತುಟಿಗೆ ದನಿ ಕೊಡುವ ಕೆಲಸ.

ಹದಿನೆಂಟು ವರ್ಷದಲ್ಲಿ ಅವಳು ಯಾರಿಗೆಲ್ಲ ದನಿ ಕೊಟ್ಟಿಲ್ಲ ಹೇಳಿ. ನಲ್ಲಿಯ ಹತ್ತಿರ ಜಗಳ ಕಾಯುವ ಹೆಂಗಸರು, ಏಳೆಂಟು ವರ್ಷದ ತುಂಟ ಹುಡುಗರು, ಜೈಲಿನ ವಾರ್ಡನ್, ಮೂವರು ಮಾಟಗಾತಿಯರು, ಒಂದು ಜಾಹೀರಾತಿನಲ್ಲಿ ಕೆಟ್ಟುಹೋದ ಫ್ರಿಜ್ಜು. ಆ ಫ್ರಿಜ್ಜಿನ ಪಾತ್ರವನ್ನು ಜನ ಬಹಳ ಮೆಚ್ಚಿದ್ದರು. ಹೀರೋಯಿನ್ ಮಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ, ಅವಳೂ ಕೇಳಿರಲಿಲ್ಲ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನವಿಡೀ ಕೆಟ್ಟ ಇಂಜಿನ್ನುಗಳಿಗೆ ಕಿವಿ ಕೊಡುವ ಆ ಪುಣ್ಯಾತ್ಮನಿಗೆ ಹೆಂಡತಿಯ ದನಿಯಲ್ಲಿ ಯಾವ ದೋಷವೂ ಕಂಡಿರಲಿಲ್ಲ.

ದೋಷ ಕಂಡದ್ದು ಮಗಳಿಗೆ. ತಾಯಿಯ ಮೂಗು ಬರಲಿಲ್ಲ, ದಟ್ಟ ಕೂದಲು ಬರಲಿಲ್ಲ, ಗಂಟಲು ಮಾತ್ರ ಹಾಗೇ ಎತ್ತಿಟ್ಟಂತೆ ಬಂತು. ಏಳನೇ ವಯಸ್ಸಿಗೆ ಅವಳ ಶಾಲೆಯಲ್ಲೂ ಯಾರೋ ಒಬ್ಬ ಮಹಾನುಭಾವರು ತುಟಿ ಮಾತ್ರ ಆಡಿಸು ಎಂದರು. ಮಗಳು ತಾಯಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ತುಟಿ ಆಡಿಸುವುದನ್ನೂ ನಿಲ್ಲಿಸಿದಳು. ಪಾಠ ಓದು ಎಂದರೆ ಎದ್ದು ನಿಂತು ಪುಸ್ತಕ ನೋಡುತ್ತಿದ್ದಳು, ಅಷ್ಟೇ. ಡೈರಿಯಲ್ಲಿ ಕೆಂಪು ಶಾಯಿಯ ಬರಹ ಬಂತು: ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಪೋಷಕರು ಗಮನ ಹರಿಸಬೇಕು. ಪೋಷಕಿ ಗಮನ ಹರಿಸಲು ಶಾಲೆಗೆ ಹೋದಳು. ಹೋದವಳು ತನ್ನ ದನಿ ಹೊರಬಿದ್ದರೆ ಮಗಳಿಗೆ ಇನ್ನಷ್ಟು ಅವಮಾನವೆಂದು ಹೆದರಿ, ನೆಗಡಿಯಾದವಳಂತೆ ಕರವಸ್ತ್ರ ಹಿಡಿದು ಪಿಸುಗುಟ್ಟಿ ಬಂದಳು. ಎಂಥಾ ಧೈರ್ಯ ಹೇಳಿಕೊಟ್ಟಳು ನೋಡಿ.

ಅದೇ ವಾರ ಉದ್ದಕೂದಲಿನ ಒಬ್ಬ ನಿರ್ದೇಶಕ ಅವಳನ್ನು ಹುಡುಕಿಕೊಂಡು ಬಂದ. ಅನಿಮೇಷನ್ ಸಿನಿಮಾ ಮಾಡುತ್ತಿದ್ದ. ಕಥೆ ಇಷ್ಟು: ಒಬ್ಬ ಹುಡುಗಿ, ಅವಳದು ಒಡಕು ದನಿ. ಊರೆಲ್ಲ ನಕ್ಕು ನಕ್ಕು ಅವಳು ಮಾತೇ ಬಿಟ್ಟಿದ್ದಾಳೆ. ಅವಳಿಗೆ ಇರುವ ಒಂದೇ ಜೊತೆ, ಗುಟ್ಟಾಗಿ ಮಾತಾಡುವ ಒಂದೇ ಜೀವ, ಮಹಾರಾಯ ಎಂಬ ಕತ್ತೆ. ಕೊನೆಯಲ್ಲಿ ಬೆಟ್ಟದ ಮೇಲೆ ದಟ್ಟ ಮಂಜಿನಲ್ಲಿ ಕತ್ತೆ ದಾರಿ ತಪ್ಪುತ್ತದೆ. ಹುಡುಗಿ ಊರವರ ಎದುರೇ ಬಾಯಿಬಿಟ್ಟು ಕೂಗಬೇಕು: “ಬಾರೋ ಮಹಾರಾಯ, ನಂಗಿರೋದು ಇದೇ ದನಿ.” ಕತ್ತೆ ಓಗೊಡುತ್ತದೆ, ಹುಡುಗಿ ತನ್ನ ದನಿಯನ್ನು ಒಪ್ಪಿಕೊಳ್ಳುತ್ತಾಳೆ, ಎಲ್ಲರೂ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ.

ಅನಿಮೇಷನ್ನಿನಲ್ಲಿ ಮೊದಲು ದನಿ, ಆಮೇಲೆ ಬಾಯಿ. ಮೊದಲು ಮಾತೆಲ್ಲ ರೆಕಾರ್ಡ್ ಮಾಡಿ, ಆ ದನಿಗೆ ಸರಿಯಾಗಿ ಚಿತ್ರಗಾರರು ತುಟಿ ಬರೆಯುತ್ತಾರೆ. ಆ ಮೊದಲ ರೆಕಾರ್ಡಿಂಗಿಗೆ ಪೈಲಟ್ ಟ್ರ್ಯಾಕ್ ಎನ್ನುತ್ತಾರೆ. ಹುಡುಗಿಗೂ ಕತ್ತೆಗೂ ತಗಡಕ್ಕನೇ ಪೈಲಟ್ ಕೊಟ್ಟಳು. ಕೊನೆಯ ಸಾಲಿನಲ್ಲಿ ‘ಇದೇ’ ಎನ್ನುವಾಗ ಅವಳ ದನಿ ನಡುವೆ ಒಡೆದು, ಅರೆಗಳಿಗೆ ನಿಂತು, ಮತ್ತೆ ಹೊರಟಿತು. ನಿರ್ದೇಶಕ ಕೈ ಮುಗಿದು, “ಅಕ್ಕಾ, ಈ ಪಾತ್ರ ನಿಮ್ದೇ. ಇನ್ಯಾರ ಗಂಟಲಿಗೂ ಒಗ್ಗಲ್ಲ,” ಎಂದ. ಇಂಥ ಮಾತನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕೆಂದು ಹದಿನೆಂಟು ವರ್ಷದ ಅನುಭವವಿದ್ದವಳಿಗೂ ಅವತ್ತು ಹೊಳೆಯಲಿಲ್ಲ. ಮನೆಗೆ ಬಂದವಳೇ ಮಗಳನ್ನು ಕೂರಿಸಿಕೊಂಡು, “ಸಿನಿಮಾ ಬರ್ಲಿ ಚಿನ್ನ. ಹೀರೋಯಿನ್ನೇ ನಮ್ ಥರ ಮಾತಾಡ್ತಾಳೆ. ಆಮೇಲೆ ಯಾರು ನಗ್ತಾರೋ ನೋಡೋಣ,” ಎಂದಳು. ಮಗಳು ನಂಬಿದಳು. ಸಿನಿಮಾ ಬಂದ ಮೇಲೆ ಶಾಲೆಯಲ್ಲಿ ಮಾತಾಡುತ್ತೇನೆ ಎಂದು ಕರಾರು ಹಾಕಿದಳು.

ಕತ್ತೆಯ ಪಾತ್ರವನ್ನು ತಗಡಕ್ಕ ಇನ್ನೂ ಮನಸ್ಸಿಗೆ ಹಚ್ಚಿಕೊಂಡಳು. ಬಾಲ್ಯವೆಲ್ಲ ಕತ್ತೆ ಕಂಠ ಎನ್ನಿಸಿಕೊಂಡವಳಿಗೆ ಕೂಗು ಹೇಗೂ ಬಂದೇಬರುತ್ತದೆ ಎಂದು ಸ್ಟುಡಿಯೋದವರು ಹಲ್ಲು ಕಿರಿದರು. ಅವಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಸ್ಟುಡಿಯೋದ ಹಿಂದೆ ಕಟ್ಟಡವೊಂದು ಏಳುತ್ತಿತ್ತು, ಇಟ್ಟಿಗೆ ಹೊರಲು ಬೂದುಬಣ್ಣದ ಕತ್ತೆಯೊಂದು ಬರುತ್ತಿತ್ತು. ಊಟದ ಬಿಡುವಿನಲ್ಲಿ ಅಲ್ಲಿ ಹೋಗಿ ನಿಂತು ಕೇಳಿದಳು. ಕತ್ತೆ ಉಸಿರು ಬಿಡುವಾಗ ಮಾತ್ರವಲ್ಲ, ಎಳೆದುಕೊಳ್ಳುವಾಗಲೂ ಕೂಗುತ್ತದೆ. ಅಣಕಿಸುವವರೆಲ್ಲ ಬಿಡುವ ಅರ್ಧವನ್ನಷ್ಟೇ ಕೂಗಿ ಕತ್ತೆಯ ಮಾನ ಕಳೆದಿದ್ದರು. ನಾಲ್ಕು ದಿನ ಅಭ್ಯಾಸ ಮಾಡಿ ಐದನೆಯ ದಿನ ಅವಳು ಪೂರ್ತಿ ಕೂಗಿದಾಗ ಕತ್ತೆ ಕಿವಿ ನಿಮಿರಿಸಿ, ಇಟ್ಟಿಗೆ ಹೊತ್ತುಕೊಂಡೇ ಅವಳ ಹತ್ತಿರ ಬಂದು ನಿಂತಿತು. ಅವಳ ದನಿ ಕೇಳಿ ಒಂದು ಜೀವ ತಾನಾಗಿ ಹತ್ತಿರ ಬಂದದ್ದು ಅದೇ ಮೊದಲು. ಅವಳಿಗೆ ಅಳು ಬಂತು. ಕತ್ತೆಯ ಒಡೆಯನಿಗೂ ಅಳು ಬರುವ ಹಾಗಾಯಿತು, ಅವನ ಕೆಲಸ ಕೆಟ್ಟಿತ್ತು.

ಭಾನುವಾರಗಳಲ್ಲಿ ಮಗಳನ್ನೂ ಕರೆದುಕೊಂಡು ಹೋಗತೊಡಗಿದಳು. ಮನೆಯಲ್ಲೂ ಅಳೆದು ತೂಗಿ ಮಾತಾಡುವ ಹುಡುಗಿ ಆ ಕತ್ತೆಯ ಕುತ್ತಿಗೆಗೆ ಜೋತುಬಿದ್ದು ಶಾಲೆಯ ಚಾಡಿಯನ್ನೆಲ್ಲ ಗಂಟಲು ಬಿಟ್ಟು ಹೇಳುತ್ತಿದ್ದಳು. ಕತ್ತೆ ನಗಲಿಲ್ಲ, ಕೆಮ್ಮಿಗೆ ಔಷಧಿ ತಗೋ ಎನ್ನಲಿಲ್ಲ. ಕಟ್ಟಡ ಮುಗಿದ ಮೇಲೆ ಅದು ಎಲ್ಲಿಗೋ ಹೋಯಿತು. ಮಗಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಸಿನಿಮಾದಲ್ಲಿ ಸಿಗುತ್ತದೆ ಇರು ಎಂದು ತಾಯಿ ಸಮಾಧಾನ ಹೇಳಿದಳು.

ಎರಡು ವರ್ಷ ಬರೆದು ಚಿತ್ರ ಮುಗಿಸಿದರು. ಆಗ ನಿರ್ಮಾಪಕರಿಗೆ ಜ್ಞಾನೋದಯವಾಯಿತು. ಹೀರೋಯಿನ್ ದನಿ ಹೀಗಿದ್ದರೆ ಯಾರು ಟಿಕೆಟ್ ತಗೋತಾರೆ ಎಂದು ಕೇಳಿದರು. ತನ್ನ ಒಡಕು ದನಿಯನ್ನು ಪ್ರೀತಿಸಲು ಕಲಿಯುವ ಹುಡುಗಿಗೆ ಜೇನಿನಂಥ ದನಿ ಬೇಕೆಂದು ತೀರ್ಮಾನವಾಯಿತು. ಆ ಸಭೆಯಲ್ಲಿ ಯಾರೂ ನಗಲಿಲ್ಲವಂತೆ, ಅವರ ತಾಳ್ಮೆ ದೊಡ್ಡದು. ಒಬ್ಬ ದೊಡ್ಡ ತಾರೆಯನ್ನು ಗೊತ್ತುಮಾಡಿದರು. ನಿರ್ದೇಶಕ ತಗಡಕ್ಕನ ಹತ್ತಿರ ಬಂದು, ನೆಲ ನೋಡುತ್ತಾ, ಕತ್ತೆ ಮಾತ್ರ ನಿಮ್ಮದೇ ಅಕ್ಕಾ ಎಂದ. ಜೊತೆಗೆ ಇನ್ನೊಂದು ಉಪಕಾರ: ತಾರೆಯವರು ಏದುಸಿರು, ಬಿಕ್ಕಳಿಕೆ, ಮುಲುಗಾಟ ಇವನ್ನೆಲ್ಲ ಕೊಡುವುದಿಲ್ಲವಂತೆ, ಗಂಟಲಿಗೆ ಒಳ್ಳೆಯದಲ್ಲವಂತೆ. ಅದಕ್ಕೆ ಹುಡುಗಿಯ ಉಸಿರೆಲ್ಲ ನಿಮ್ಮದೇ ಇರಲಿ ಎಂದ. ಬೇಡ ಎಂದು ಮುಖದ ಮೇಲೆ ಹೊಡೆದಂತೆ ಹೇಳಿ ಬರಬಹುದಿತ್ತು. ಅವಳಿಗೆ ಆ ಬೂದು ಕತ್ತೆ ನೆನಪಾಯಿತು. ಅದನ್ನೂ ಯಾರೋ ಬಂದು ಅರ್ಧಂಬರ್ಧ ಕೂಗಿಬಿಡುತ್ತಾರಲ್ಲ ಎಂದು ಹೊಟ್ಟೆ ಉರಿದು ಹೂಂ ಎಂದಳು. ಮಗಳಿಗೆ ಮಾತ್ರ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮೂರು ತಿಂಗಳು ದೂಡಿದಳು.

ತಾರೆಯವರು ಸ್ವಂತ ಕುರ್ಚಿ, ಸ್ವಂತ ಬಿಸಿನೀರು, ಸ್ವಂತ ಕೊಡೆ ಹಿಡಿಯುವವನ ಸಮೇತ ಬಂದರು. ಸ್ಟುಡಿಯೋ ಒಳಗೆ ಕೊಡೆ ಯಾಕೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮೂರು ದಿನದಲ್ಲಿ ಎಲ್ಲ ಮಾತೂ ಮುಗಿಯಿತು, ಕೊನೆಯ ಸಾಲು ಮಾತ್ರ ಮುಗಿಯಲಿಲ್ಲ. ತೆರೆಯ ಮೇಲಿನ ಬಾಯಿ ‘ಇದೇ’ ಎನ್ನುವಾಗ ಒಡೆದು, ನಿಂತು, ಮತ್ತೆ ತೆರೆಯುತ್ತಿತ್ತು. ಅದನ್ನು ತಗಡಕ್ಕನ ಗಂಟಲಿಗೆ ಅಳತೆ ತೆಗೆದು ಬರೆದದ್ದಲ್ಲವೇ. ತಾರೆಯ ದನಿ ಎಲ್ಲೂ ಒಡೆಯದೆ ನುಣ್ಣಗೆ ಜಾರಿಹೋಗುತ್ತಿತ್ತು. ಹದಿನೇಳು ಸಲ ಹೇಳಿ, ಬಾಯಿ ಬರೆದವರಿಗೇ ಬರೆಯಲು ಬರುವುದಿಲ್ಲ ಎಂದು ಘೋಷಿಸಿ, ಇನ್ನೊಂದು ದಿನ ನೋಡೋಣ ಎಂದು ತಾರೆಯವರು ವಿದೇಶದ ಶೂಟಿಂಗಿಗೆ ಹಾರಿದರು. ಸೌಂಡ್ ಇಂಜಿನಿಯರ್ ಆ ಹದಿನೇಳನ್ನೂ ಅಳಿಸಿ, ಆ ಸಾಲಿನ ಜಾಗ ಖಾಲಿ ಬಿಟ್ಟ. ಅದನ್ನು ತುಂಬಿಸುತ್ತೇನೆಂದ ನಿರ್ದೇಶಕ ಪೋಸ್ಟರಿನ ಗಡಿಬಿಡಿಯಲ್ಲಿ ಮರೆತ. ಇವನು ಹೇಳುತ್ತಾನೆಂದು ಅವನು, ಅವನು ಮಾಡಿದ್ದಾನೆಂದು ಇವನು. ಹೊಸ ದನಿ ಖಾಲಿ ಇದ್ದ ಕಡೆ ಕೆಳಗಿನ ಪೈಲಟ್ ತಾನಾಗಿ ಕೇಳುತ್ತದೆ, ಅದು ಆ ಯಂತ್ರದ ಕ್ರಮ.

ಸಿನಿಮಾ ಬಂತು. ಭಾನುವಾರ ಬೆಳಗಿನ ಆಟಕ್ಕೆ ತಗಡಕ್ಕ ಮಗಳ ಕೈ ಹಿಡಿದು ಹೋದಳು. ಬಾಗಿಲ ತನಕ ಹೇಳಬೇಕೆಂದುಕೊಂಡಳು, ಒಳಗೆ ಹೋಗಿ ಸೀಟು ಹುಡುಕಿದಳು. ಹುಡುಗಿ ತೆರೆಯ ಮೇಲೆ ಬಂದು ಬಾಯಿ ಬಿಟ್ಟ ಕೂಡಲೇ ಜೇನು ಸುರಿಯಿತು. ಮಗಳು ತಿರುಗಿ ತಾಯಿಯ ಮುಖ ನೋಡಿದಳು. ಕೋಪವಲ್ಲ, ಏನೂ ಅಲ್ಲ, ಸುಮ್ಮನೆ ನೋಡಿದಳು. ಆಮೇಲೆ ತನ್ನ ಕೈ ಬಿಡಿಸಿಕೊಂಡು ತೊಡೆಯ ಮೇಲಿಟ್ಟುಕೊಂಡಳು. ಒಂದೂವರೆ ಗಂಟೆ ಆ ಜೇನುದನಿಯ ಹುಡುಗಿ ಅಯ್ಯೋ ನನ್ನ ದನಿ ಎಷ್ಟು ಕೆಟ್ಟದ್ದು ಎಂದು ಕೊರಗಿದಳು, ಜನ ಪಾಪ ಎಂದರು. ತಗಡಕ್ಕನಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು.

ಬೆಟ್ಟ ಬಂತು, ಮಂಜು ಬಂತು. ಹುಡುಗಿ ಉಸಿರು ಎಳೆದುಕೊಂಡಳು. ಆಮೇಲೆ ಇಡೀ ಥಿಯೇಟರಿನ ಗೋಡೆಗೆ ಬಡಿಯುವ ಹಾಗೆ ತಗಡಿನ ಮೇಲೆ ಜಲ್ಲಿ ಬಿತ್ತು.

“ಬಾರೋ ಮಹಾರಾಯ, ನಂಗಿರೋದು ಇದೇ ದನಿ.”

ತಗಡಕ್ಕ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡಳು. ತಾನು ಕೇಳಿದ್ದು ನಿಜವೋ ಭ್ರಮೆಯೋ ತಿಳಿಯಲಿಲ್ಲ. ಅಷ್ಟರಲ್ಲಿ ಮಂಜಿನ ಆಚೆಯಿಂದ ಕತ್ತೆ ಕೂಗಿತು, ಬಿಡುವ ಉಸಿರಿನಲ್ಲೂ ಎಳೆಯುವ ಉಸಿರಿನಲ್ಲೂ. ಕರೆದವಳೂ ಅವಳೇ, ಓಗೊಟ್ಟವಳೂ ಅವಳೇ. ಸುತ್ತ ಜನ ಮೂಗು ಒರೆಸಿಕೊಳ್ಳುತ್ತಿದ್ದರು. ಮಗಳ ಸಣ್ಣ ಕೈ ಕತ್ತಲಲ್ಲಿ ತಡಕಾಡಿ ಅವಳ ಕೈ ಹುಡುಕಿ ಹಿಡಿಯಿತು. ಕೊನೆಯಲ್ಲಿ ಹೆಸರುಗಳು ಬಂದವು. ‘ಕತ್ತೆ’ ಎಂಬುದರ ಎದುರು ತಾಯಿಯ ಹೆಸರು ಬರುವ ಹೊತ್ತಿಗೆ ದೀಪ ಹಾಕಿ ಕಸ ಗುಡಿಸುತ್ತಿದ್ದರು. ಮಗಳು ಮಾತ್ರ ಎದ್ದು ನಿಂತು ಓದಿದಳು.

ಮರುದಿನ ಪತ್ರಿಕೆಗಳು ತಾರೆಯವರನ್ನು ಹೊಗಳಿ ಅಟ್ಟಕ್ಕೇರಿಸಿದವು. ಒಂದೇ ಒಂದು ಸಾಲಿಗಾಗಿ ತಮ್ಮ ಸವಿದನಿಯನ್ನೇ ತ್ಯಾಗ ಮಾಡಿದ ಕಲಾವಿದೆ ಎಂದು ಬರೆದವು. ತಾರೆಯವರು ವಿದೇಶದಿಂದಲೇ ಸಂದರ್ಶನ ಕೊಟ್ಟು, ಆ ಸಾಲಿಗಾಗಿ ನಲವತ್ತು ದಿನ ಮೌನವಾಗಿದ್ದೆ ಎಂದರು. ನಿರ್ದೇಶಕ ಫೋನ್ ಮಾಡಿ, ಅಕ್ಕಾ ದಯವಿಟ್ಟು ಹೊರಗೆ ಬಾಯಿ ಬಿಡಬೇಡಿ ಎಂದು ಗೋಗರೆದ. ಬಾಯಿ ಬಿಡದಿರುವುದರಲ್ಲಿ ನಮ್ಮ ಮನೆತನವನ್ನು ಮೀರಿಸಿದವರಿಲ್ಲ ಎಂದು ಅವಳು ಫೋನಿಟ್ಟಳು.

ಆದರೆ ಗುರುವಾರ ಡೈರಿಯಲ್ಲಿ ಮತ್ತೆ ಕೆಂಪು ಶಾಯಿ: ಪೋಷಕರು ಬಂದು ಕಾಣುವುದು. ಕರವಸ್ತ್ರ ಮುದುಡಿ ಹಿಡಿದುಕೊಂಡು ಹೋದಳು. ಸ್ಟಾಫ್ ರೂಮಿನಲ್ಲಿ ಟೀಚರ್ ದೂರಿನ ಮೂಟೆಯನ್ನೇ ಬಿಚ್ಚಿದರು. ಬಿಡುವಿನಲ್ಲಿ ಮಕ್ಕಳೆಲ್ಲ ಸಿನಿಮಾದ ಆ ಸಾಲನ್ನು ಕೂಗಲು ಪೈಪೋಟಿ ಮಾಡುತ್ತಿದ್ದರಂತೆ. ಯಾರಿಗೂ ಬರಲಿಲ್ಲವಂತೆ. ಆಗ ಎರಡು ವರ್ಷ ತುಟಿ ಪಿಟಕ್ಕೆನ್ನದ ಈ ಹುಡುಗಿ ಬೆಂಚಿನ ಮೇಲೆ ಹತ್ತಿ ಕೂಗಿದಳಂತೆ. ಇಡೀ ತರಗತಿ ಚಪ್ಪಾಳೆ ತಟ್ಟಿತು, ನಾನೂ ಮೆಚ್ಚಿ, ಥೇಟ್ ತಾರೆಯ ಥರಾನೇ ಮಿಮಿಕ್ರಿ ಮಾಡ್ತೀಯಲ್ಲೇ ಎಂದೆ ಎಂದರು ಟೀಚರ್.

“ಅದಕ್ಕೆ ನಿಮ್ ಮಗಳು ಏನಂದ್ಲು ಗೊತ್ತಾ? ಮಿಮಿಕ್ರಿ ಅಲ್ಲ ಮಿಸ್, ಅದು ನಮ್ಮಮ್ಮ, ನಾನು ಮಾತಾಡೋದೂ ಹೀಗೇ ಅಂದ್ಲು. ಅವತ್ತಿಂದ ಬಾಯೇ ಮುಚ್ಚಿಲ್ಲ. ಮಾತಾಡ್ಲಿ, ಬೇಡ ಅನ್ನಲ್ಲ. ಆದ್ರೆ ಇಷ್ಟು ದೊಡ್ಡ ಸುಳ್ಳು ಹೇಳೋದು ಸರೀನಾ? ಎಲ್ಲಾ ಮಕ್ಕಳ ಮುಂದೆ ಕ್ಷಮೆ ಕೇಳು ಅಂದಿದೀನಿ. ನೀವೂ ಸ್ವಲ್ಪ ಬುದ್ಧಿ ಹೇಳಿ.”

ತಗಡಕ್ಕ ಕರವಸ್ತ್ರವನ್ನು ಬಾಯಿಯ ತನಕ ಒಯ್ದಳು. ನಿರ್ದೇಶಕನಿಗೆ ಕೊಟ್ಟ ಮಾತು ನೆನಪಿತ್ತು. ಪಿಸುಗುಟ್ಟಿ ಎದ್ದುಹೋಗುವುದು ಅವಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಕಿಟಕಿಯ ಆಚೆ ಕಾರಿಡಾರಿನಲ್ಲಿ ಮಗಳು ಗೋಡೆಗೊರಗಿ ನಿಂತಿದ್ದಳು, ಒಳಗೇನು ಹೇಳುತ್ತಾಳೋ ಎಂದು ತಾಯಿಯ ಬಾಯನ್ನೇ ನೋಡುತ್ತಿದ್ದಳು. ತಗಡಕ್ಕ ಕರವಸ್ತ್ರವನ್ನು ಬ್ಯಾಗಿಗೆ ತುರುಕಿದಳು.

“ಅವಳು ಸುಳ್ಳು ಹೇಳಿಲ್ಲ ಮಿಸ್,” ಎಂದಳು, ಗಂಟಲು ಪೂರ್ತಿ ಬಿಟ್ಟು. “ಅದು ನಾನೇ.”

ಟೀಚರ್ ಕೈಯಲ್ಲಿದ್ದ ಕೆಂಪು ಪೆನ್ನು ಅಲ್ಲೇ ನಿಂತಿತು. ಪಕ್ಕದ ಮೇಜಿನಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದವರು ತಲೆ ಎತ್ತಿದರು. ಯಾರೂ ನಗಲಿಲ್ಲ. ನಕ್ಕಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ, ಕಾರಿಡಾರಿನಿಂದ ಕತ್ತೆಯ ಕೂಗು ಬರುತ್ತಿತ್ತು. ಎಳೆಯುವ ಉಸಿರಿನ ಅರ್ಧವನ್ನೂ ಬಿಡದೆ, ಅಳತೆ ತಪ್ಪದೆ, ಮಗಳು ಕೂಗುತ್ತಿದ್ದಳು. ತಗಡಕ್ಕ ಡೈರಿಗೆ ಸಹಿ ಹಾಕಿ, ಟೀಚರಿಗೆ ನಮಸ್ಕಾರ ಹೇಳಿ ಹೊರಗೆ ಬಂದಳು. ಮಗಳು ಆಗಲೇ ಕುಣಿಯುತ್ತಾ ಕಾರಿಡಾರಿನ ಆ ತುದಿ ಮುಟ್ಟಿದ್ದಳು.

“ಬಾರೇ ಮಹಾರಾಯ್ತಿ, ಬಸ್ಸು ಹೋಗುತ್ತೆ,” ಎಂದು ತಾಯಿ ಕೂಗಿದಳು. ಉದ್ದಕ್ಕೂ ಎಲ್ಲ ತರಗತಿಗಳ ಬಾಗಿಲಲ್ಲಿ ತಲೆಗಳು ಇಣುಕಿದವು.