ಸೋಮವಾರ ನಿಲ್ಲುವ ಡೌನ್‌ಲೋಡ್

ನನ್ನ ಗಂಡ ರಂಗೇಶ್ ಎಂಥ ಮನುಷ್ಯ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಕೋಪ ಬರುತ್ತದೆ, ಉತ್ತರ ಆಮೇಲೆ. ಬೀಜ, ಗೊಬ್ಬರ ಮಾರುವ ಕಂಪನಿಯೊಂದರಲ್ಲಿ ಅವರು ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ಹೆಡ್ಡಾಫೀಸು ಚಿತ್ರದುರ್ಗದಲ್ಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಶಾಖೆಗಳು. ಎಲ್ಲಿ ಏನು ಕೆಟ್ಟರೂ "ರಂಗೇಶನ್ನ ಕರೀರಿ". ನಮ್ಮ ಮನೆಯ ಮಿಕ್ಸಿ ಕೆಟ್ಟು ಯುಗಾದಿ ಕಳೆಯಿತು, ಅದನ್ನು ಕೇಳುವವರೇ ಇಲ್ಲ.

ಈ ವರ್ಷ ಕಂಪನಿಗೆ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಬಂತು. ಸೋಮವಾರ ಬೆಳಿಗ್ಗೆ ಮಾತ್ರ ದುರ್ಗದಿಂದ ಅದನ್ನು ಬಿಡುತ್ತಾರೆ. ಪ್ರತಿ ಶಾಖೆಯಲ್ಲೂ ಒಂದು ಕರಿ ಪೆಟ್ಟಿಗೆ ಅದನ್ನು ಇಳಿಸಿಕೊಂಡು ಅಲ್ಲಿನ ಕಂಪ್ಯೂಟರುಗಳಿಗೆ ಹಂಚಬೇಕು. ಹೊಸದುರ್ಗದಲ್ಲಿ ಇಳಿಯಿತು, ಹೊಳಲ್ಕೆರೆಯಲ್ಲಿ ಇಳಿಯಿತು. ಹಿರಿಯೂರಿನಲ್ಲಿ ಮಾತ್ರ ಅರ್ಧಕ್ಕೇ ನಿಂತು 'ಡೌನ್‌ಲೋಡ್ ಫೇಲ್'. ಇವರು ಫೋನ್ ಮಾಡಿದರೆ ಶಾಖೆಯವರು ಯಾವುದೋ ದೀಪ ನೋಡಿ "ಎಲ್ಲಾ ಆನ್ ಐತೆ ಸಾರ್" ಎನ್ನುತ್ತಿದ್ದರು. ಸೋಮವಾರ ಇವರು ದುರ್ಗ ಬಿಟ್ಟು ಕದಲುವಂತಿರಲಿಲ್ಲ, ಮಂಗಳವಾರ ಖುದ್ದು ಹೋದರೆ ಎಲ್ಲ ನೆಟ್ಟಗಿರುತ್ತಿತ್ತು. ಕೇಬಲ್ ಬದಲಾಯಿಸಿದರು, ಫೈರ್‌ವಾಲ್ ತಡಕಾಡಿದರು, ಆಂಟಿವೈರಸ್ ಕಿತ್ತು ಮತ್ತೆ ಹಾಕಿದರು. ಮುಂದಿನ ಸೋಮವಾರ ಮತ್ತೆ ಅದೇ ಹಾಡು. ಊಟಕ್ಕೆ ಕೂತರೂ ಅದೇ ಧ್ಯಾನ, ಅನ್ನಕ್ಕೆ ಸಾರು ಬಡಿಸಿದ್ದೀನೋ ನೀರು ಸುರಿದಿದ್ದೀನೋ ಎಂಬುದೂ ಗೊತ್ತಾಗುತ್ತಿರಲಿಲ್ಲ.

ಇದರಲ್ಲಿ ನಿನಗೇನಮ್ಮ ಹೊಟ್ಟೆಯುರಿ ಅಂತೀರಾ? ನಮ್ಮ ಮಗಳು ಸ್ವಾತಿಗೆ ಜವಳ ಆಗಬೇಕಿತ್ತು, ಹುಟ್ಟುಗೂದಲು ತೆಗೆಸಬೇಕಿತ್ತು. ದೇವರು ನನ್ನ ತವರು ಯಲ್ಲದಕೆರೆಯಲ್ಲಿ, ದೇವರ ವಾರ ಸೋಮವಾರ. ಈ ಹಾಳು ಡೌನ್‌ಲೋಡಿಗಾಗಿ ಎರಡು ಸಲ ಮುಂದಕ್ಕೆ ಹಾಕಿದ್ದಾಯಿತು. "ನಾನಿಲ್ದೆ ಮಾಡಬ್ಯಾಡ್ರಿ" ಎಂದು ಇವರೇ ಗೋಗರೆದಿದ್ದರು. ದಿನಾ ಬೆಳಿಗ್ಗೆ ಅವಳಿಗೆ ಜುಟ್ಟು ಕಟ್ಟುವವರು ಅವರೇ. ಸೊಟ್ಟಗೇ ಕಟ್ಟುತ್ತಾರೆ, ಆದರೂ ಅವಳು ನನ್ನ ಕೈಗೆ ತಲೆ ಕೊಡುವುದಿಲ್ಲ.

ಮೂರನೇ ಸಲ ಹೊರಟೇಬಿಟ್ಟೆವು. ಬಸ್ಸು ಹಿರಿಯೂರು ಮುಟ್ಟುವಷ್ಟರಲ್ಲಿ ಇವರ ಮೇಲಧಿಕಾರಿ ಲಕ್ಷ್ಮೀಕಾಂತ್ ಫೋನ್ ಮಾಡಿದರು. ಹಿರಿಯೂರು ಮತ್ತೆ ಫೇಲ್, ನಾಳೆಯಿಂದ ಹಳೇ ಸಾಫ್ಟ್‌ವೇರ್ ಬಂದ್, ಈಗಲೇ ಶಾಖೆಗೆ ಹೋಗು. ಇವರು ಇಳಿದರು. ಮಗಳನ್ನು ಸೊಂಟಕ್ಕೇರಿಸಿಕೊಂಡು ನಾನೂ ಇಳಿದೆ. ಆ ಪೆಟ್ಟಿಗೆಯ ಮುಖ ನಾನೂ ಒಮ್ಮೆ ನೋಡಬೇಕಿತ್ತು.

ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ತಣ್ಣಗೆ ಕೂತಿತ್ತು. ಒಂದು ದೀಪವೂ ಉರಿಯುತ್ತಿರಲಿಲ್ಲ. ಮೇಲೆ ವಿಭೂತಿ, ಒಂದು ಕಣಗಿಲೆ ಹೂವು.

"ಯಾರ್ರೀ ಇದನ್ನ ಆರಿಸಿದ್ದು?" ಇವರು ಕೂಗಿದರು.

ಶಾಖೆಯ ಅಟೆಂಡರ್ ಉಗ್ರಪ್ಪ ಟವಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ತಲೆ ಪೂರ್ತಿ ನೆರೆತ ಮನುಷ್ಯ. "ನಾನೇ ಕಣಪ್ಪ. ಸೋಮವಾರ ಅಲ್ವಾ?"

"ಸೋಮವಾರ ಆದ್ರೆ?"

"ಹಗ್ಲೂ ರಾತ್ರಿ ಗುಯ್ ಅಂತ ದುಡಿತೈತೆ. ಮುಟ್ಟಿದ್ರೆ ಜ್ವರ ಬಂದಂಗೆ ಮೈ ಸುಡ್ತೈತೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡ್ತೀವಾ? ಇದೂ ಒಂದಿನ ಸುಧಾರಿಸ್ಕಳ್ಳಿ ಅಂತ ಬೆಳಗ್ಗೆ ಪೂಜೆ ಮಾಡಿ ಆರಿಸ್ತೀನಿ, ಸಂಜೆ ದೀಪ ಹಚ್ಚಿ ಮತ್ತೆ ಸ್ವಿಚ್ ಹಾಕ್ತೀನಿ. ಬಿಲ್ ಹಾಕಾಕೆ ಇದು ಬ್ಯಾಡ ಅಂದಿದ್ರು. ಯಾಕಪ್ಪ, ತಪ್ಪಾಯ್ತಾ?"

ಅಯ್ಯೋ ಶಿವನೇ! ನನ್ನ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ಸಿಕ್ಕಿಕೊಂಡಿತು. ಯಲ್ಲದಕೆರೆಯಲ್ಲಿ ನಮ್ಮಪ್ಪನೂ ಸೋಮವಾರ ಎತ್ತು ಹೂಡುವುದಿಲ್ಲ. ಈ ಮುದುಕನಿಗೆ ಏನಂತ ಬೈಯಲಿ?

ಇವರು ಸ್ವಿಚ್ ಒತ್ತಿದರು, ನಿಂತಿದ್ದ ಡೌನ್‌ಲೋಡ್ ಮತ್ತೆ ಶುರುವಾಯಿತು. ಅಷ್ಟರಲ್ಲಿ ಲಕ್ಷ್ಮೀಕಾಂತ್ ಫೋನು. ಯಾರ ತಪ್ಪು ಎಂದು ಅವರು ಅರಚುತ್ತಿದ್ದದ್ದು ನನಗೂ ಕೇಳಿಸಿತು. ಇವರು ಉಗ್ರಪ್ಪನ ಕಡೆ ಒಮ್ಮೆ ನೋಡಿದರು.

"ಪ್ಲಗ್ ಸಡ್ಲ ಆಗಿತ್ತು ಸಾರ್. ನಾನೇ ನೋಡ್ಕಂಡಿರ್ಲಿಲ್ಲ."

"ಹಂಗಾದ್ರೆ ಪೂರ್ತಿ ಇಳಿಯೋ ತನಕ ಅಲ್ಲಿಂದ ಅಲುಗಾಡಬೇಡ!"

ನಾನು ಇವರನ್ನು ಹೊರಗೆ ಎಳೆದುಕೊಂಡು ಬಂದೆ. "ನಿಜ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ರಿಟೈರ್ ಆಗೋಕೆ ಬಂದವ್ರೆ ಗಂಗಾ. ಇವತ್ತೇ ಮನೆಗೆ ಕಳಿಸ್ತಿದ್ರು."

"ನಿಮ್ಮ ಮಗಳ ಜವಳ?"

"ಮುಂದಿನ ಸೋಮವಾರ..."

"ಊರೋರೆಲ್ಲ ಬಂದು ಕುಂತವ್ರೆ! ಇನ್ನೊಂದು ಸಲ ಅಂದ್ರೆ ನಮ್ಮಪ್ಪ ತಲೆ ಎತ್ತಂಗಿಲ್ಲ."

ಇವರು ಬಸ್ಸಿನಲ್ಲಿ ಕೆದರಿದ್ದ ಮಗಳ ಜುಟ್ಟು ಬಿಚ್ಚಿ, ಬೆರಳಲ್ಲೇ ಬಾಚಿ ಮತ್ತೆ ಕಟ್ಟಿದರು. ಬೋಳಿಸುವ ತಲೆಗೆ ಜುಟ್ಟು ಯಾಕೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ. ಮುಂದಿನ ಬಸ್ಸು ಹತ್ತಿದೆ.

ಯಲ್ಲದಕೆರೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ಅಳಿಯ ಎಲ್ಲಿ?" ಕಂಪನಿ ಕೆಲಸ ಎಂದೆ. ಮಗುವಿಗೆ ನೀರು ಕುಡಿಸಿದೆ, ಹೊಸ ಬಟ್ಟೆ ಹುಡುಕುವ ನೆಪ ಮಾಡಿದೆ, ಎಷ್ಟು ಎಳೆಯಲು ಸಾಧ್ಯವೋ ಅಷ್ಟು ಎಳೆದೆ. "ಹೊತ್ತು ಮೀರ್ತೈತೆ, ಕುಂದ್ರುಸ್ರಿ" ಎಂದು ಅಪ್ಪ ಗದರಿದರು. ನನ್ನ ತಮ್ಮ ಜುಂಜೇಶ್ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಕ್ಷೌರದ ಕತ್ತಿ ತಲೆಗೆ ತಾಗಿದ್ದೇ ತಡ, "ಅಪ್ಪಾ, ಅಪ್ಪಾ" ಎಂದು ಅವಳು ಚೀರಿದ್ದು ಇಡೀ ಊರಿಗೆ ಕೇಳಿಸಿರಬೇಕು. ನಾನೂ ಅತ್ತೆ.

ಬೋಳುತಲೆಗೆ ಅಮ್ಮ ಗಂಧ ಹಚ್ಚುತ್ತಿದ್ದಾಗ ಫೋನು ಬಂತು. ಇವರ ದನಿಯಲ್ಲಿ ಖುಷಿಯೋ ಖುಷಿ.

"ಗಂಗಾ, ಪೂರ್ತಿ ಇಳೀತು! ಆಟೋದಾಗೆ ಬರ್ತಿದೀನಿ, ಊರ ಹತ್ರಾನೇ ಇದೀನಿ. ಒಂದ್ಹತ್ತು ನಿಮಿಷ ತಡೀರಿ."

ತಡೆಯಲು ಮಗಳ ತಲೆಯ ಮೇಲೆ ಒಂದೇ ಒಂದು ಕೂದಲೂ ಉಳಿದಿರಲಿಲ್ಲ.